ಮಠವಾಸಕ್ಕೆ ಮುನ್ನ

ಅರುವತ್ತು ದಾಟಿದ ಗೃಹಸ್ಥರಲ್ಲಿ ಒಂದು ಬಯಕೆ ಮೊಳೆಯುವುದು ನಮ್ಮ ತುಮಕೂರು ಸೀಮೆಯಲ್ಲಿ ಸರ್ವಸಾಮಾನ್ಯ. ಮನೆಯ ಭಾರವನ್ನು ಮಕ್ಕಳಿಗೆ ಒಪ್ಪಿಸಿ, ಹತ್ತು ಹದಿನೈದು ದಿನ ಒಂದು ಮಠದಲ್ಲಿ ತಂಗಿ, ಬೆಳಗಿನ ಜಾವದಲ್ಲೆದ್ದು ಪೂಜೆ ಮಾಡಿ, ಮಿತವಾಗಿ ಉಂಡು, ಕಡಿಮೆ ಮಾತಾಡಿ ಮನಸ್ಸನ್ನು ತಿಳಿಮಾಡಿಕೊಂಡು ಬರಬೇಕೆಂಬ ಬಯಕೆ ಅದು. ಇದಕ್ಕೆ ಅನುಕೂಲವಾದ ತಾಣಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ತುಮಕೂರಿನ ಮಗ್ಗುಲಲ್ಲೇ ಸಿದ್ಧಗಂಗೆಯುಂಟು. ಗುಬ್ಬಿಯಲ್ಲಿ ಚನ್ನಬಸವೇಶ್ವರಸ್ವಾಮಿಯ ಗದ್ದುಗೆಯುಂಟು. ಕುಣಿಗಲ್ ತಾಲ್ಲೂಕಿನಲ್ಲಿ ತೋಂಟದ ಸಿದ್ಧಲಿಂಗರ ಎಡೆಯೂರು ಉಂಟು. ಇವಲ್ಲದೆ ಊರೂರಿಗೆ ಸಣ್ಣ ಮಠಗಳು ಬೇರೆ. ಈ ಬಯಕೆ ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಆದರೆ ಹೊರಡುವ ಮುನ್ನ ಶರೀರವು ಒಮ್ಮೆ ಎಚ್ಚರಿಕೆಯ ಗಂಟೆ ಬಾರಿಸಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಜನ ಸಾಮಾನ್ಯವಾಗಿ ಕೊಡುವ ಉತ್ತರ ಸರಿಯಾದದ್ದಲ್ಲ. ನಾವೂ ಒಮ್ಮೆ ಅದೇ ಉತ್ತರವನ್ನು ಕೊಡಹೊರಟವರು. ಆದಕಾರಣ ನಮ್ಮ ಅನುಭವವನ್ನೇ ವಾಚಕರ ಮುಂದಿಡುತ್ತೇವೆ.

ಕಳೆದ ಕಾರ್ತಿಕ ಮಾಸದಲ್ಲಿ ನಾವು ಹತ್ತು ದಿನಗಳ ಮಠವಾಸಕ್ಕೆ ಸಿದ್ಧರಾಗಿದ್ದೆವು. ಗುಬ್ಬಿಯ ಮನೆಯಲ್ಲಿ ಬಟ್ಟೆಬರೆಗಳ ಚೀಲ ಕಟ್ಟಿಯಾಗಿತ್ತು. ಹೊರಡಲು ಮೂರು ದಿನವಿರುವಾಗ, ಬೆಳಗಿನ ಪೂಜೆಗೆ ಕುಳಿತಿದ್ದ ವೇಳೆ, ಬಲಗೈಯಲ್ಲಿದ್ದ ವಿಭೂತಿ ಗಟ್ಟಿ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ನಮ್ಮ ಮಾತು ಕೇಳಲಿಲ್ಲ. ಮನೆಯಾಕೆಯನ್ನು ಕರೆದೆವು, ಬಾಯಿಂದ ಬಂದದ್ದು ಹೆಸರಲ್ಲ, ಅರ್ಥವಿಲ್ಲದ ಒಂದು ಸದ್ದು. ಆಕೆ ಬಂದು ನೋಡಿ, "ಏನಂದ್ರಿ? ಬಾಯಿ ಯಾಕೆ ಒಂದು ಕಡೆಗೆ ಎಳೆದ ಹಾಗೆ ಆಗಿದೆ?" ಎಂದು ಗಾಬರಿಗೊಂಡಳು. ನಮಗೆ ನೋವಿರಲಿಲ್ಲ, ಪ್ರಜ್ಞೆ ತಪ್ಪಿರಲಿಲ್ಲ. ಹೇಳಬೇಕಾದ ಮಾತು ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ನಾಲಿಗೆಗೆ ಮಾತ್ರ ಅದು ಬರಲೊಲ್ಲದು. ಸುಮಾರು ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಕೈಗೆ ಬಲ ಬಂತು, ಮಾತು ಮರಳಿತು, ಮುಖ ನೆಟ್ಟಗಾಯಿತು. ಕಾಫಿ ಕುಡಿದೆವು. ಏನೂ ಆಗಿಲ್ಲವೆಂಬಂತೆ ಇತ್ತು.

ನೆರೆದವರ ತೀರ್ಮಾನ ಏನಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಬ್ಬರು ಪಿತ್ತವೆಂದರು, ಇನ್ನೊಬ್ಬರು ನಿದ್ದೆ ಸಾಲದೆಂದರು. "ದೇವರು ದೊಡ್ಡವನು, ಬಂದದ್ದು ಹಾಗೇ ಹೋಯಿತು, ಮಠಕ್ಕೆ ಹೋಗಿ ಬನ್ನಿ, ಎಲ್ಲ ಸರಿಹೋಗುತ್ತೆ" ಎಂದರು ಹಿರಿಯರೊಬ್ಬರು. ನಮಗೂ ಆ ಮಾತು ಹಿತವಾಗಿ ಕೇಳಿಸಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಇದನ್ನು ಒಪ್ಪದೆ, "ಸ್ವಾಮಿ, ಹೋದದ್ದು ಮತ್ತೆ ಬರುತ್ತೆ, ಬರುವಾಗ ಹೇಳಿ ಬರೋದಿಲ್ಲ. ಈಗಲೇ ಏಳಿ" ಎಂದು ಗದರಿಸಿ, ಬಾಡಿಗೆ ಕಾರು ಕರೆಸಿ, ತುಮಕೂರಿನ ಒಂದು ಆಸ್ಪತ್ರೆಗೆ ನಮ್ಮನ್ನು ಕರೆದೊಯ್ದರು. ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆವೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ಆ ಇಪ್ಪತ್ತು ನಿಮಿಷಗಳಲ್ಲಿ ನಡೆದದ್ದೇನು? ಮಾನವನ ಮೆದುಳು ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ಶರೀರವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಇಷ್ಟು ಹಸಿವುಳ್ಳ ಅಂಗವಾದರೂ ಅದರಲ್ಲಿ ಉಗ್ರಾಣವಿಲ್ಲ. ರಕ್ತವು ಕ್ಷಣಕ್ಷಣಕ್ಕೂ ತಂದೊದಗಿಸುವ ಆಮ್ಲಜನಕ ಮತ್ತು ಸಕ್ಕರೆಯಿಂದಲೇ ಅದು ಜೀವಿಸಬೇಕು. ಕತ್ತಿನ ಅಥವಾ ಮೆದುಳಿನ ಧಮನಿಯ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ಒರಟಾದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟುವುದುಂಟು. ಹೃದಯದ ಬಡಿತ ತಾಳತಪ್ಪಿದಾಗ ಹೃದಯದ ಒಳಗೇ ಹೆಪ್ಪು ಹುಟ್ಟುವುದೂ ಉಂಟು. ಅಂಥ ಹೆಪ್ಪಿನ ಚೂರೊಂದು ಕಳಚಿ ಮೇಲಕ್ಕೆ ಸಾಗಿ ಕಿರಿದಾದ ನಾಳವೊಂದನ್ನು ಮುಚ್ಚಿದರೆ, ಆ ನಾಳವನ್ನು ನಂಬಿದ ಮೆದುಳಿನ ಭಾಗ ಕೆಲಸ ನಿಲ್ಲಿಸುತ್ತದೆ. ಬಲಗೈಯ ಚಲನೆಯನ್ನು ಆಳುವುದು ಮೆದುಳಿನ ಎಡಭಾಗ. ಮಾತಿನ ಉಚ್ಚಾರಣೆಗೂ ಬಹುಮಂದಿಯಲ್ಲಿ ಎಡಭಾಗವೇ ಆಧಾರವೆಂಬುದನ್ನು ಫ್ರಾನ್ಸಿನ ಪಾಲ್ ಬ್ರೋಕಾ 1860ರ ದಶಕದಲ್ಲಿ ತೋರಿಸಿಕೊಟ್ಟನು. ವಿಭೂತಿ ಜಾರಿದ್ದೂ ಮಾತು ತಪ್ಪಿದ್ದೂ ಏಕಕಾಲದಲ್ಲಿ ಆದುದರ ಕಾರಣ ಇದೇ.

ಹೆಪ್ಪು ಅಲ್ಲಿಯೇ ಉಳಿದಿದ್ದರೆ ಅದು ಪೂರ್ಣ ಪಾರ್ಶ್ವವಾಯು, ಜನರ ಮಾತಿನಲ್ಲಿ ಲಕ್ವ. ನಮ್ಮ ರಕ್ತದಲ್ಲಿಯೇ ಹೆಪ್ಪನ್ನು ಕರಗಿಸುವ ವಸ್ತುಗಳಿರುವುದರಿಂದ ಕೆಲವೊಮ್ಮೆ ಚೂರು ಕರಗಿ ದಾರಿ ತೆರವಾಗುತ್ತದೆ. ಆಗ ಲಕ್ಷಣಗಳೂ ಮಾಯವಾಗುತ್ತವೆ. ವೈದ್ಯರು ಇದನ್ನು ಟಿ.ಐ.ಎ. ಎನ್ನುತ್ತಾರೆ, ಕ್ಷಣಿಕ ಪಾರ್ಶ್ವವಾಯು ಎಂದು ನಾವು ಕರೆಯಬಹುದು. ಹಿಂದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಲಕ್ಷಣ ಮರೆಯಾದರೆ ಸಾಕು, ಅದು ಕ್ಷಣಿಕವೆಂದೇ ಲೆಕ್ಕ. ಆದರೆ ಎಂ.ಆರ್.ಐ. ಯಂತ್ರಗಳು ಬಂದ ಮೇಲೆ, ಲಕ್ಷಣ ಹೋದವರಲ್ಲಿಯೂ ಕೆಲವರ ಮೆದುಳಿನಲ್ಲಿ ಸಣ್ಣ ಗಾಯ ಉಳಿದಿರುವುದು ಕಂಡುಬಂದಿತು. ಆದುದರಿಂದ 2009ರಲ್ಲಿ ಅಮೆರಿಕದ ತಜ್ಞರು ಗಡಿಯಾರದ ಲೆಕ್ಕವನ್ನು ಬಿಟ್ಟು, ಮೆದುಳಿನಲ್ಲಿ ಗಾಯವಾಗಿದೆಯೆ ಇಲ್ಲವೆ ಎಂಬುದನ್ನೇ ವ್ಯಾಖ್ಯೆಗೆ ಆಧಾರವಾಗಿಟ್ಟರು.

ವಾಚಕರು ಮನಸ್ಸಿನಲ್ಲಿಡಬೇಕಾದ ಸಂಗತಿ ಇನ್ನು ಮುಂದಿದೆ. ಕ್ಷಣಿಕ ಪಾರ್ಶ್ವವಾಯುವಿನ ಅಪಾಯವು ಅದು ಮರೆಯಾದ ನಂತರವೇ ಹೆಚ್ಚು. 2000ದಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ ಇಂಥ 1,707 ರೋಗಿಗಳನ್ನು ಗಮನಿಸಲಾಯಿತು. ಮುಂದಿನ ತೊಂಬತ್ತು ದಿನಗಳಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಪೂರ್ಣ ಪಾರ್ಶ್ವವಾಯು ತಗುಲಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಅದು ಬಂದದ್ದು ಮೊದಲ ಎರಡೇ ದಿನಗಳಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಇದಕ್ಕೆ ಪರಿಹಾರವನ್ನೂ ತೋರಿಸಿತು. ರೋಗಿಗಳನ್ನು ವಾರಗಟ್ಟಲೆ ಕಾಯಿಸದೆ ಕೂಡಲೇ ಪರೀಕ್ಷಿಸಿ ಔಷಧ ಕೊಟ್ಟಾಗ, ತೊಂಬತ್ತು ದಿನಗಳ ಈ ಅಪಾಯವು ಶೇಕಡಾ 10.3ರಿಂದ 2.1ಕ್ಕೆ ಇಳಿಯಿತು. ಔಷಧಗಳು ಹಳೆಯವೇ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ರಕ್ತದೊತ್ತಡ ಇಳಿಸುವ ಗುಳಿಗೆ, ಕೊಬ್ಬು ತಗ್ಗಿಸುವ ಗುಳಿಗೆ ಇಷ್ಟೆ. ಬದಲಾದದ್ದು ಬೇಗ ಕೊಟ್ಟದ್ದು ಮಾತ್ರ. "ಬಂದದ್ದು ಹಾಗೇ ಹೋಯಿತು" ಎಂದು ನಾವು ಸಮಾಧಾನ ಪಟ್ಟುಕೊಂಡು ಕುಳಿತುಕೊಳ್ಳುವ ಆ ಎರಡು ದಿನಗಳೇ ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳ ದಿನಗಳು.

ಆಸ್ಪತ್ರೆಯಲ್ಲಿ ನಮ್ಮ ರಕ್ತದೊತ್ತಡ 180ರ ಮೇಲಿತ್ತು. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ತೀರ ಇಳಿದಾಗಲೂ ಇದೇ ಬಗೆಯ ಲಕ್ಷಣಗಳು ತೋರಬಹುದಂತೆ. ಅನಂತರ ಮೆದುಳಿನ ಸ್ಕ್ಯಾನ್ ಮಾಡಿದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೆಲವರು ಇಂಥ ಸಮಯದಲ್ಲಿ ಮನೆಯಲ್ಲಿಯೇ ಆಸ್ಪಿರಿನ್ ಗುಳಿಗೆ ನುಂಗಿಸುತ್ತಾರೆ. ನಾಳ ಮುಚ್ಚಿದ್ದರೆ ಅದು ಸರಿಹೋದೀತು. ನಾಳ ಒಡೆದು ಮೆದುಳಿನಲ್ಲಿ ರಕ್ತ ಸುರಿಯುತ್ತಿದ್ದರೆ ಅದೇ ಗುಳಿಗೆ ಹಾನಿಯನ್ನು ಹೆಚ್ಚಿಸೀತು. ಎರಡರ ಲಕ್ಷಣವೂ ಹೊರಗಿನಿಂದ ಒಂದೇ. ಸ್ಕ್ಯಾನ್ ಹೊರತು ಯಾರೂ ಖಚಿತವಾಗಿ ಹೇಳಲಾರರು. ನಮ್ಮಲ್ಲಿ ರಕ್ತಸ್ರಾವವಿರಲಿಲ್ಲ. ಕತ್ತಿನ ಎಡಧಮನಿಯಲ್ಲಿ ಸ್ವಲ್ಪ ಕೊಬ್ಬು ಕಟ್ಟಿತ್ತು. ವೈದ್ಯರು ಔಷಧ ಬರೆದುಕೊಟ್ಟು, "ಮಠಕ್ಕೆ ಹೋಗಬೇಡಿ ಎನ್ನುವುದಿಲ್ಲ, ಈಗ ಹೋಗಬೇಡಿ, ಆರು ವಾರ ಕಳೆದು ನೋಡೋಣ" ಎಂದರು.

ಆರು ವಾರ ಮನೆಯಲ್ಲಿ ಕುಳಿತಾಗ ಮಠದ ದಿನಚರಿಯನ್ನು ವಿಜ್ಞಾನದ ಕಣ್ಣಿನಿಂದ ನೋಡುವ ಅವಕಾಶ ನಮಗೆ ದೊರೆಯಿತು. ಆರೋಗ್ಯವಂತನಿಗೆ ಹಿತವಾದದ್ದು ಚೇತರಿಸಿಕೊಳ್ಳುತ್ತಿರುವವನಿಗೆ ಹೇಗೆ ಅಹಿತವಾಗಬಲ್ಲದು ಎಂಬುದಕ್ಕೆ ನಾಲ್ಕು ದೃಷ್ಟಾಂತ ಕೊಡುತ್ತೇವೆ.

ಮೊದಲನೆಯದು ಉಪವಾಸ. ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ರಕ್ತದ ನೀರಿನಂಶ ಕಡಿಮೆಯಾಗುತ್ತದೆ, ಎದ್ದು ನಿಂತಾಗ ಒತ್ತಡ ಕುಸಿಯುತ್ತದೆ. ಇಕ್ಕಟ್ಟಾದ ನಾಳಗಳುಳ್ಳ ಮೆದುಳಿಗೆ ಇದು ಹಿತವಲ್ಲ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆಯನ್ನು ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪಬಹುದು.

ಎರಡನೆಯದು ಔಷಧವನ್ನು ನಿಲ್ಲಿಸುವುದು. "ಮಠದಲ್ಲಿರುವಷ್ಟು ದಿನ ಮಾತ್ರೆ ಬೇಡ, ಪ್ರಸಾದವೇ ಔಷಧ" ಎಂಬ ಸಂಕಲ್ಪವನ್ನು ಭಕ್ತಿಯಿಂದಲೇ ಮಾಡುವವರಿದ್ದಾರೆ. ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡವು ಮೊದಲಿಗಿಂತಲೂ ಮೇಲೇರುತ್ತದೆ. ಹೆಪ್ಪು ತಡೆಯುವ ಗುಳಿಗೆಯ ಪ್ರಭಾವವಂತೂ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಮೂರನೆಯದು ಉಪ್ಪು. ಮುದ್ದೆ, ಸಾರು, ಸೊಪ್ಪು, ಮಜ್ಜಿಗೆ ಇವು ಒಳ್ಳೆಯ ಆಹಾರ. ಜೊತೆಗೆ ಬರುವ ಉಪ್ಪಿನಕಾಯಿ ಹಪ್ಪಳಗಳ ಮೇಲೆ ಕಣ್ಣಿಡಬೇಕು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಒಂದು ಸಣ್ಣ ಚಮಚದಷ್ಟು.

ನಾಲ್ಕನೆಯದು ಮೌನ. ಇದನ್ನು ಯಾರೂ ಯೋಚಿಸುವುದಿಲ್ಲ, ನಾವೂ ಯೋಚಿಸಿರಲಿಲ್ಲ. ಮಾತು ತೊದಲುವುದು ಪಾರ್ಶ್ವವಾಯುವಿನ ಮುಖ್ಯ ಲಕ್ಷಣಗಳಲ್ಲಿ ಒಂದು. ಮನೆಯಲ್ಲಿ ಅದನ್ನು ಮನೆಯಾಕೆ ಕ್ಷಣದಲ್ಲಿ ಗುರುತಿಸಿದಳು. ಮೂರು ದಿನ ತಡವಾಗಿ, ಮೌನವ್ರತದಲ್ಲಿ ಒಂಟಿ ಕೋಣೆಯಲ್ಲಿ ಕುಳಿತಿದ್ದಾಗ ಅದು ಬಂದಿದ್ದರೆ ಯಾರು ಗುರುತಿಸುತ್ತಿದ್ದರು? ನಾವು ಮಾತಾಡದಿರುವುದು ವ್ರತವೆಂದೇ ಎಲ್ಲರೂ ತಿಳಿಯುತ್ತಿದ್ದರು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೌನದಲ್ಲಿ ಆ ವೇಳೆ ಕಳೆದುಹೋಗುವುದು ಬಹು ಸುಲಭ. ಈ ಯೋಚನೆ ಬಂದ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಇಷ್ಟನ್ನು ಓದಿದ ಕೆಲವರು, ಹಾಗಾದರೆ ಮಠದ ಗೊಡವೆಯೇ ಏಕೆ, ಮನೆಯಲ್ಲಿಯೇ ಇರಬಾರದೆ ಎಂದು ಕೇಳಬಹುದು. ಈ ವಾದವನ್ನು ನಾವು ಒಪ್ಪುವುದಿಲ್ಲ. ಇಂಥ ಒಂದು ಪೆಟ್ಟು ತಿಂದವನಿಗೆ ಶರೀರದ ಕಾಯಿಲೆಯೊಡನೆ ಭಯವೆಂಬ ಮತ್ತೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕೈ ಸ್ವಲ್ಪ ಜುಮುಗುಟ್ಟಿದರೂ ಎದೆ ಹಾರುತ್ತದೆ. ಒಂದು ಹೆಸರು ಮರೆತರೂ ಮತ್ತೆ ಬಂತೇನೋ ಎನಿಸುತ್ತದೆ. ಭಯವು ಊರಿಗೂರನ್ನೇ ಹಿಡಿಯುವುದುಂಟು. 2025ರ ಜೂನ್ ಜುಲೈ ತಿಂಗಳುಗಳಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದಾಗ, ಬೆಂಗಳೂರು ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಜನ ಮುಗಿಬಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಭಯಕ್ಕೆ ನಿಯಮಿತವಾದ ನಿದ್ದೆ, ಸರಳವಾದ ಊಟ, ಹೊಗೆಸೊಪ್ಪಿನಿಂದ ದೂರ, ನಾಲ್ಕು ಜನರ ಸಹವಾಸ, ದಿನವೂ ಒಂದಿಷ್ಟು ನಡಿಗೆ ಇವು ನಿಜವಾಗಿಯೂ ಮದ್ದು. ಇವೆಲ್ಲವೂ ಮಠದಲ್ಲಿ ಒಂದೆಡೆ ದೊರೆಯುತ್ತವೆ. ಧ್ಯಾನದಿಂದ ಹೃದಯ ಮತ್ತು ರಕ್ತನಾಳಗಳಿಗೆ ಪ್ರಯೋಜನವಿರಬಹುದೆಂದೂ, ಆದರೆ ಅದು ರೂಢಿಯ ಚಿಕಿತ್ಸೆಗೆ ಪೂರಕವಾಗಿರಬೇಕೆಂದೂ ಅಮೆರಿಕದ ಹೃದ್ರೋಗ ಸಂಘವು 2017ರಲ್ಲಿ ಅಭಿಪ್ರಾಯಪಟ್ಟಿತು. ಪೂರಕವೆಂಬ ಆ ಮಾತನ್ನು ನಾವು ಮರೆಯಬಾರದು.

ಮಠಕ್ಕೂ ಔಷಧಕ್ಕೂ ವಿರೋಧವಿದೆಯೆಂದು ನಂಬುವವರು ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರ ಕೊನೆಯ ವರ್ಷಗಳನ್ನು ನೆನೆಯಬೇಕು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟ ಅವರನ್ನು ಈ ಸೀಮೆಯ ಜನ 'ಬುದ್ಧಿ'ಯವರೆಂದೇ ಕರೆಯುತ್ತಿದ್ದರು. ಪಿತ್ತನಾಳದ ತೊಂದರೆಗಾಗಿ ಅವರು ಹಲವು ಬಾರಿ ಆಸ್ಪತ್ರೆಯ ಚಿಕಿತ್ಸೆ ಪಡೆದರು; 2018ರ ಡಿಸೆಂಬರಿನಲ್ಲಿ, ನೂರಹತ್ತು ದಾಟಿದ ವಯಸ್ಸಿನಲ್ಲಿ, ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೂ ಒಳಗಾದರು. 2019ರ ಜನವರಿ 21ರಂದು ಲಿಂಗೈಕ್ಯರಾದರು. ಜೀವಮಾನವಿಡೀ ಪೂಜೆ, ಮಿತಾಹಾರ, ಬೆಳಗಿನ ಜಾವದ ಎಚ್ಚರಗಳನ್ನು ನಡೆಸಿಕೊಂಡು ಬಂದ ಅವರಿಗೆ ವೈದ್ಯರ ನೆರವು ಪಡೆಯುವುದರಲ್ಲಿ ವ್ರತಭಂಗ ಕಾಣಲಿಲ್ಲ. ಹತ್ತು ದಿನದ ಮಟ್ಟಿಗೆ ಮಠ ಸೇರುವ ನಮಗೆ ಮಾತ್ರೆಯ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಹೋಗುವ ಹಟ ಏಕೆ ಬೇಕು?

ಆರು ವಾರಗಳ ಮೇಲೆ ವೈದ್ಯರ ಅನುಮತಿ ಪಡೆದು ನಾವು ಮಠಕ್ಕೆ ಹೋದೆವು. ಈ ಸಲ ಮೊದಲು ಮಾಡಿದ ಕೆಲಸವೆಂದರೆ ಮಠದ ವ್ಯವಸ್ಥಾಪಕರ ಬಳಿ ಎಲ್ಲವನ್ನೂ ಹೇಳಿದ್ದು. ಹೇಳುವಾಗ ಸಂಕೋಚವಾಯಿತು, ಕಾಯಿಲೆಯವನೆಂದು ಹಿಂದಕ್ಕೆ ಕಳಿಸಿಯಾರೆಂಬ ಅಳುಕೂ ಇತ್ತು. ಅವರು ಹಾಗೆ ಮಾಡಲಿಲ್ಲ. ಒಂಟಿ ಕೋಣೆಯ ಬದಲು ಇಬ್ಬರಿರುವ ಕೋಣೆ ಕೊಟ್ಟರು. ಪೂರ್ಣ ಉಪವಾಸದ ದಿನ ಹಾಲುಹಣ್ಣಿಗೆ ಏರ್ಪಾಟು ಮಾಡಿದರು. ಮೌನದ ವಿಷಯದಲ್ಲಿ ಒಂದು ಒಡಂಬಡಿಕೆಯಾಯಿತು. ದಿನಕ್ಕೆ ಮೂರು ಬಾರಿ, ಮಾತ್ರೆ ನುಂಗುವ ಹೊತ್ತಿಗೆ, ಜೊತೆಗಾರನೆದುರು ಎರಡು ಕೈಗಳನ್ನೂ ಮೇಲೆತ್ತಿ, ನಕ್ಕು ತೋರಿಸಿ, ನಮ್ಮ ಹೆಸರು ಮತ್ತು ಊರು ಹೇಳುವುದು. ಮಿಕ್ಕ ಸಮಯವೆಲ್ಲ ಮೌನ. ಮೊದಲ ದಿನ ಇದು ನಗೆಪಾಟಲೆನಿಸಿತು. ಮೂರನೆಯ ದಿನ ಜೊತೆಗಾರರೇ, "ಯಜಮಾನರೇ, ನಗಲಿಲ್ಲವಲ್ಲ ಇನ್ನೂ" ಎಂದು ಜ್ಞಾಪಿಸತೊಡಗಿದರು. ಹತ್ತು ದಿನಗಳು ನೆಮ್ಮದಿಯಾಗಿ ಕಳೆದವು. ಅದಕ್ಕಿಂತ ಹೆಚ್ಚಾಗಿ, ಕೈ ಜುಮುಗುಟ್ಟಿದಾಗಲೆಲ್ಲ ಎದೆ ಹಾರುವುದು ನಿಂತಿತು.

ಈ ಅನುಭವದಿಂದ ನಮಗೆ ತೋರಿದ ಕೆಲವು ಸಲಹೆಗಳನ್ನು ವಾಚಕರ ಮುಂದೂ ಮಠಗಳ ಆಡಳಿತದವರ ಮುಂದೂ ವಿನಯಪೂರ್ವಕವಾಗಿ ಇಡುತ್ತೇವೆ.

ಮುಖ ಸೊಟ್ಟಗಾಗುವುದು, ತೋಳು ಸೋಲುವುದು, ಮಾತು ತೊದಲುವುದು ಈ ಮೂರರಲ್ಲಿ ಒಂದು ಕಂಡರೂ, ಅದು ಐದೇ ನಿಮಿಷದಲ್ಲಿ ಮರೆಯಾದರೂ, ಅಂದೇ, ಆ ಗಂಟೆಯಲ್ಲೇ, 108ಕ್ಕೆ ಕರೆಮಾಡಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಆರಂಭವಾದ ವೇಳೆಯನ್ನು ಗಡಿಯಾರ ನೋಡಿ ಗುರುತಿಟ್ಟುಕೊಳ್ಳಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ. ಅಂಥ ಘಟನೆಯಾದವರು ವೈದ್ಯರು ಒಪ್ಪುವವರೆಗೆ ಮಠವಾಸವನ್ನು ಮುಂದೂಡಬೇಕು. ಹೊರಡುವಾಗ ಇರಬೇಕಾದ ದಿನಗಳಿಗಿಂತ ಒಂದು ವಾರ ಹೆಚ್ಚಿನ ಮಾತ್ರೆಗಳನ್ನೂ, ಅವುಗಳ ಹೆಸರು ಬರೆದ ಚೀಟಿಯನ್ನೂ ಚೀಲದಲ್ಲಿಡಬೇಕು.

ಮಠಗಳು ತಂಗಲು ಬರುವ ಹಿರಿಯರಿಂದ ಒಂದು ಪುಟದ ಮಾಹಿತಿ ಪತ್ರವನ್ನು ತುಂಬಿಸಿಕೊಂಡರೆ ಸಾಕು. ಇರುವ ಕಾಯಿಲೆ, ಸೇವಿಸುವ ಔಷಧ, ಮನೆಯವರ ದೂರವಾಣಿ ಇಷ್ಟು ಅದರಲ್ಲಿರಲಿ. ರಕ್ತದೊತ್ತಡ ಅಳೆಯುವ ಸಣ್ಣ ಯಂತ್ರವೊಂದು ಕಚೇರಿಯಲ್ಲಿರಲಿ. ಅದರ ಬೆಲೆ ಒಂದು ಹೊತ್ತಿನ ದಾಸೋಹದ ಖರ್ಚಿನ ಮುಂದೆ ಏನೂ ಅಲ್ಲ. ಮೌನವ್ರತಿಗಳನ್ನು ದಿನಕ್ಕೆ ಎರಡು ಮೂರು ಸಲ ಕಂಡು ಬರುವ ಹೊಣೆ ಒಬ್ಬರಿಗೆ ಇರಲಿ. ಇಂಥ ಏರ್ಪಾಟು ಈಗಾಗಲೇ ಇರುವ ಕಡೆ ಅದನ್ನು ಮುಂದುವರಿಸಲಿ.

ನಮ್ಮ ನೆರೆಯ ಮೇಷ್ಟ್ರಿಗೆ ನಾವು ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ. ಮಠದಿಂದ ಮರಳಿದ ದಿನ ಪ್ರಸಾದ ತೆಗೆದುಕೊಂಡು ಅವರ ಮನೆಗೆ ಹೋದೆವು. ಅವರು ಪ್ರಸಾದ ಕಣ್ಣಿಗೊತ್ತಿಕೊಂಡು, ಬೇರೆ ಮಾತಿಗೆ ಮೊದಲು, "ಎಲ್ಲಿ, ಎರಡು ಕೈಯೂ ಮೇಲೆತ್ತಿ ನೋಡೋಣ" ಎಂದರು. ಎತ್ತಿದೆವು. ಪ್ರತಿಯೊಂದು ಬೀದಿಯಲ್ಲಿಯೂ ಹೀಗೆ ಗದರಿಸಿ ಎಬ್ಬಿಸಬಲ್ಲ ಒಬ್ಬರಾದರೂ ಇರಲಿ. ವಾಚಕರು ತಮ್ಮ ಬೀದಿಯಲ್ಲಿ ತಾವೇ ಆ ಒಬ್ಬರಾಗಲಿ ಎಂಬುದು ನಮ್ಮ ಕೋರಿಕೆ.